ಓರ್ನಾ

ಥೆಲ್ಮಾ ಗೋರ್ನಲ್ ತನ್ನದೇ ದನಿಯನ್ನು ರೇಡಿಯೋದಲ್ಲಿ ಕೇಳಿದ್ದು ಜೂನ್ ತಿಂಗಳ ಒಂದು ಬೆಳಿಗ್ಗೆ, ಹಿಂದಿನ ಅಡುಗೆಮನೆಯಲ್ಲಿ ಸಿಗಡಿ ಸುಲಿಯುತ್ತ ಕೂತಿದ್ದಾಗ. ಎದುರಿಗೆ ನಾದಿನಿ ಐವಿ ಇದ್ದಳು. ಮೇಜಿನ ನಡುವೆ ಬೇಯಿಸಿ ಆರಿಸಿದ ಕಂದು ಸಿಗಡಿಯ ರಾಶಿ, ಆಚೆ ಸಿಪ್ಪೆಯ ಬಕೆಟ್ಟು, ಈಚೆ ತಿರುಳಿನ ಬೋಗುಣಿ. ಇಂಗ್ಲೆಂಡಿನ ಕಡಲ ಬದಿಯ ಊರಾದ ಮೊರೆಕ್ಯಾಂಬಿನ ಹೆಂಗಸರು ಸಿಗಡಿ ಸುಲಿಯುವಾಗ ಕೈಯ ಕಡೆ ನೋಡುವುದಿಲ್ಲ. ಕೈ ತನ್ನ ಪಾಡಿಗೆ ನಡೆಯುತ್ತಿರುತ್ತದೆ, ಬಾಯಿ ತನ್ನ ಪಾಡಿಗೆ. ಐವಿ ಸೊಸೆಯ ಮೇಲಿನ ದೂರುಗಳನ್ನು ಸಾಲಾಗಿ ಹೇಳುತ್ತಿದ್ದಳು. ಕಿಟಕಿಯ ಮೇಲಿದ್ದ ರೇಡಿಯೋದಲ್ಲಿ ಯಾವನೋ ಹುಡುಗ, ಇದು ಈ ವಾರದ ಹೊಸ ಹಾಡು ಎಂದು ಹೇಳಿ ಸುಮ್ಮನಾದ.

ಮೊದಲು ದೂರದ ಬಂದರಿನ ಕಹಳೆಯಂಥ ಒಂದು ಸದ್ದು. ಅದರ ಬೆನ್ನಿಗೇ ಒಂದು ಹೆಣ್ಣು ದನಿ, ಎಲ್ಲೋ ಹತ್ತಿಯ ಮೂಟೆಯೊಳಗಿಂದ ಬಂದ ಹಾಗೆ. "ಓ...ರ್ನಾ." ಎತ್ತರದಲ್ಲಿ ಹಿಡಿದು ಕೊನೆಗೆ ಕೆಳಕ್ಕಿಳಿಸಿದ ಎರಡೇ ಸ್ವರ. ಆಮೇಲೆ ಏನೂ ಇಲ್ಲ. ಹಾಡು ಕೆಟ್ಟುಹೋಯಿತೇನೋ ಅನ್ನಿಸುವಷ್ಟು ಹೊತ್ತು ಬರೀ ಮೌನ. ಅದು ಇನ್ನು ತಡೆಯಲಾಗದು ಅನ್ನುವಾಗ ಡ್ರಮ್ಮು ದಬದಬ ಬಿದ್ದು ಹಾಡು ಕುಣಿಯತೊಡಗಿತು.

ಥೆಲ್ಮಾಳ ಕೈ ನಿಂತಿತು.

"ಚೆನ್ನಾಗಿದೆಯಲ್ಲೇ," ಅಂದಳು ಐವಿ. "ಇದು ನಮ್ಮ ಮೇವಿಸ್ ಬಿಬ್ಬಿ ಮಗನ ಹಾಡು ಕಣೇ, ನೀಲ್‌ದು. ಟಿನ್ ಹಾರ್ಬರ್ ಅಂತ ತಂಡಕ್ಕೆ ಹೆಸರಿಟ್ಕೊಂಡಿದ್ದಾವೆ ನಾಲ್ಕು ಹುಡುಗ್ರೂ ಸೇರಿ. ಅವನ ಕೂದಲು ನೋಡಿದ್ಯಾ? ಮಳೇಲಿ ನೆಂದ ಕೋಳಿ ಥರ."

"ಆ ಹೆಂಗಸು ಯಾರು?"

"ಯಾವ ಹೆಂಗಸು?"

"ಶುರುವಲ್ಲಿ ಕೂಗಿದ್ಲಲ್ಲ."

"ಹೆಂಗಸಲ್ವೇ ಅದು, ಮೆಷಿನ್ನು. ಈಗೆಲ್ಲ ಮೆಷಿನ್ನೇ ಹಾಡೋದು, ಇವರು ಬರೀ ಬಟ್ಟೆ ಹಾಕ್ಕೊಂಡು ನಿಂತ್ಕೋತಾರೆ."

ಥೆಲ್ಮಾ ಮತ್ತೆ ಸುಲಿಯತೊಡಗಿದಳು. ಆದರೆ ಆ ಬೆಳಿಗ್ಗೆ ಅವಳ ಬೋಗುಣಿಗೆ ಬಿದ್ದ ಸಿಗಡಿಗಳಿಗೆಲ್ಲ ಅರ್ಧರ್ಧ ಸಿಪ್ಪೆ ಉಳಿದಿತ್ತು.

ಅದು ಮೆಷಿನ್ನಲ್ಲ ಎಂದು ಅವಳಿಗೆ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ, ನವೆಂಬರಿನ ಒಂದು ಮಧ್ಯಾಹ್ನ, ಅವಳ ಗಂಡ ವಾಲ್ಟರನ ಮಣಿಕಟ್ಟು ಮುರಿದಿತ್ತು. ಬಲೆ ಎಳೆಯುವ ಟ್ರ್ಯಾಕ್ಟರನ್ನು ಚಾಲೂ ಮಾಡುವ ಹಿಡಿ ತಿರುಗಿ ಹೊಡೆದದ್ದು. ಮರಳಿನಲ್ಲಿ ನೆಟ್ಟಿದ್ದ ಹತ್ತಿರದ ಬಲೆಗಳನ್ನು ನೋಡಿ ಬರುತ್ತೇನೆಂದು ಮಗಳು ಲೋರ್ನಾ ಬುಟ್ಟಿ ಹಿಡಿದು ಹೊರಟಳು. ಇಳಿತದ ಹೊತ್ತು, ಕೊಲ್ಲಿ ಖಾಲಿಯಾಗಿ ಕಣ್ಣು ಹಾಯುವವರೆಗೂ ಮರಳು. ಇಪ್ಪತ್ತರ ಹುಡುಗಿ, ನಡೆಯಲು ಕಲಿತದ್ದೇ ಆ ಮರಳಿನ ಮೇಲೆ. ಹೋಗಿ ಸ್ವಲ್ಪ ಹೊತ್ತಿಗೆ ಮಂಜು ಇಳಿಯಿತು, ಯಾರೋ ಕಂಬಳಿ ಎಳೆದು ಹೊದಿಸಿದ ಹಾಗೆ. ಓಣಿಯ ಗಂಡಸರೆಲ್ಲ ದೋಣಿ ಇಳಿಸುವ ಇಳಿಜಾರಿಗೆ ಓಡಿ ತಗಡು, ಬಾಣಲೆ, ಸಿಕ್ಕಿದ್ದನ್ನೆಲ್ಲ ಬಡಿಯತೊಡಗಿದರು. ಮಂಜಿನಲ್ಲಿ ಸಿಕ್ಕವರಿಗೆ ದಡ ಯಾವ ಕಡೆ ಎಂದು ತಿಳಿಯಲು ಬೇರೆ ದಾರಿ ಇರಲಿಲ್ಲ. ಅತ್ತ ಹೀಶಮ್ ಬಂದರಿನಲ್ಲಿ ಮಂಜಿನ ಹೊತ್ತು ಹಡಗುಗಳನ್ನು ಎಚ್ಚರಿಸುವ ಕಹಳೆ ಬಿಟ್ಟು ಬಿಟ್ಟು ಊದುತ್ತಿತ್ತು. ಆ ಗದ್ದಲದ ನಡುವೆ ನಿಂತು ಥೆಲ್ಮಾ ಮಗಳ ಹೆಸರು ಕೂಗಿದಳು. ಗಂಟಲು ಒಡೆಯುವವರೆಗೂ ಕೂಗಿದಳು.

ಮತ್ತು ಉತ್ತರ ಬಂದಿತ್ತು. "ಬಂದೆ" ಎಂದು. ಥೆಲ್ಮಾ ಪಕ್ಕದಲ್ಲೇ ಇದ್ದ ವಾಲ್ಟರನ ತೋಳು ಹಿಡಿದು ಹೇಳಿದ್ದಳು. ಅವನು ಸರಿಯಿದ್ದ ಕೈಯಿಂದ ಬಡಿಯುತ್ತಿದ್ದ ತಗಡು ನಿಲ್ಲಿಸಿ ಕಿವಿಗೊಟ್ಟು, ಏನೂ ಇಲ್ಲವಲ್ಲೇ ಎಂದು ಮತ್ತೆ ಬಡಿದ. ಆಮೇಲೆ ನೀರು ಬಂತು. ಲೋರ್ನಾ ಬರಲಿಲ್ಲ, ಅವಳ ದೇಹವೂ ಬರಲಿಲ್ಲ. ಬುಟ್ಟಿ ಮಾತ್ರ ಕೊಲ್ಲಿಯಾಚೆಯ ಗ್ರೇಂಜಿನ ದಡದಲ್ಲಿ ಸಿಕ್ಕಿತು. ಸಾವಿನ ವಿಚಾರಣೆಯಲ್ಲಿ ಓಣಿಯವರೆಲ್ಲ ಸಾಕ್ಷಿ ಹೇಳಿದರು: ಯಾವ ಉತ್ತರವನ್ನೂ ಯಾರೂ ಕೇಳಿಲ್ಲ. ಅಧಿಕಾರಿ ಒಳ್ಳೆಯವನು, ಮೆತ್ತಗೆ ಹೇಳಿದ: ತಾಯಿಯ ಮನಸ್ಸಿಗೆ ಕೇಳಿಸಿರಬಹುದು. ಆ ಮಾತು ಥೆಲ್ಮಾಳಿಗೆ ಅಂಟಿಕೊಂಡುಬಿಟ್ಟಿತು. ಆ ಚಳಿಗಾಲವೆಲ್ಲ ಅವಳು ಹೊತ್ತು ಮುಳುಗುವಾಗ ಇಳಿಜಾರಿಗೆ ಹೋಗಿ ನಿಂತು ಕೂಗುತ್ತಿದ್ದಳು. ವಸಂತ ಬಂದ ಮೇಲೆ ಒಂದು ದಿನ ವಾಲ್ಟರ್ ಬಂದು ಮೊಣಕೈ ಹಿಡಿದ. "ಸಾಕು ಥೆಲ್ಮಾ. ಜನ ಕಿಟಕಿ ಮುಚ್ಕೋತಾ ಇದಾರೆ," ಅಂದ. ಅಲ್ಲಿಗೆ ಕೂಗು ನಿಂತಿತು. ಮನೆಯಲ್ಲಿ ಆ ಹೆಸರೂ ನಿಂತಿತು.

ಈಗ ಅದೇ ಕೂಗು ಅವಳನ್ನು ಕೇಳದೆಯೇ ಹೊರಗೆ ಓಡಾಡುತ್ತಿತ್ತು.

ಹಾಡು ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಏರುತ್ತ ಹೋಯಿತು. ಜುಲೈ ಹೊತ್ತಿಗೆ ದೇಶಕ್ಕೇ ಮೊದಲನೆಯದು. ಐಸ್‌ಕ್ರೀಮ್ ಗಾಡಿಯವನು, ಹಾಲಿನವನು, ಬಸ್ಸಿನ ಕಂಡಕ್ಟರು, ಎಲ್ಲರ ಬಾಯಲ್ಲೂ ಓರ್ನಾ. ಕಡಲ ಬದಿಯ ರಸ್ತೆಯಲ್ಲಿ ಹುಡುಗಿಯರು ಸಾಲಾಗಿ ನಿಂತು, ಬಾಯಿಗೆ ಎರಡು ಕೈ ಹಿಡಿದು ಕೂಗಿ, ಆ ಮೌನದಲ್ಲಿ ಗೊಂಬೆಗಳ ಹಾಗೆ ಅಲ್ಲಾಡದೆ ನಿಂತು, ಡ್ರಮ್ಮು ಬಿದ್ದ ಕೂಡಲೇ ಒಟ್ಟಿಗೆ ಕುಣಿಯುತ್ತಿದ್ದರು. ಮೌನದಲ್ಲಿ ಅಲ್ಲಾಡಿದವಳು ಸೋತಳು, ಅದೇ ಆಟ. ಓರ್ನಾ ಅಂದರೇನು ಎಂದು ಪತ್ರಿಕೆಯವರು ತಲೆ ಕೆಡಿಸಿಕೊಂಡರು. ಮುಳುಗಿದ ಹಡಗಿನ ಹೆಸರು ಅಂತ ಒಬ್ಬ ಬರೆದ, ಫಿನ್ಲೆಂಡಿನ ಹುಡುಗಿ ಅಂತ ಇನ್ನೊಬ್ಬ. ನೀಲ್ ಬಿಬ್ಬಿ ಟೀವಿಯಲ್ಲಿ ಕೂದಲು ಸರಿಸಿಕೊಂಡು, "ಏನೂ ಇಲ್ಲ, ಸುಮ್ನೆ ಒಂದು ಸದ್ದು," ಅಂದ. ಅನ್ನುವಾಗ ಅವನು ಕ್ಯಾಮೆರಾ ನೋಡಲಿಲ್ಲ. ಅದನ್ನು ಗಮನಿಸಿದವಳು ಥೆಲ್ಮಾ ಒಬ್ಬಳೇ.

ಹೆಸರಿನ ಮೊದಲ ಅಕ್ಷರವನ್ನು ಮಂಜು ತಿಂದಿತ್ತು. ಅಷ್ಟೇ.

ತನಗೆ ಹುಚ್ಚು ಹಿಡಿಯುತ್ತಿದೆಯೇ ಎಂದು ಅವಳಿಗೂ ಅನ್ನಿಸಿತು. ವಾಲ್ಟರ್ ಹೊರಗೆ ಹೋಗಿದ್ದ ಒಂದು ಮಧ್ಯಾಹ್ನ ಮಲಗುವ ಕೋಣೆಯ ಕಪಾಟು ತೆರೆದು, ನೇತುಹಾಕಿದ ಕೋಟುಗಳ ನಡುವೆ ಮುಖ ಹುದುಗಿಸಿ, ಕೂಗಿ ನೋಡಿದಳು. ವರ್ಷಗಳ ಮೇಲೆ ಮೊದಲ ಸಲ. ಉಣ್ಣೆ ಅದನ್ನು ನುಂಗಿಕೊಂಡಿತು. ಆದರೂ ಎತ್ತರದ ಸ್ವರ, ಕೊನೆಯ ಇಳಿತ, ಉಸಿರು ಸಾಲದೆ ತುದಿಯಲ್ಲಿ ಬರುವ ಆ ಸಣ್ಣ ಬಿರುಕು, ಎಲ್ಲ ಅದೇ. ಅವಳು ಕಪಾಟಿನ ಬಾಗಿಲು ಮುಚ್ಚಿ ಮಂಚದ ಮೇಲೆ ಕೂತಳು.

ಚಹಾದ ಹೊತ್ತಿಗೆ ವಾಲ್ಟರನಿಗೆ ಹೇಳಿದಳು. "ಆ ಹಾಡಲ್ಲಿರೋ ದನಿ ನಂದು."

ವಾಲ್ಟರ್ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದವನು ಹಚ್ಚುತ್ತಲೇ ಇದ್ದ. "ಮೆಷಿನ್ ಅಂತಲ್ಲ."

"ನನ್ನ ದನಿ ನಂಗೆ ಗೊತ್ತಾಗಲ್ವಾ?"

"ಥೆಲ್ಮಾ, ಮತ್ತೆ ಶುರು ಮಾಡ್ಬೇಡ ಕಣೇ. ನನ್ ಕೈಲಿ ಆಗಲ್ಲ." ಅವನು ಬ್ರೆಡ್ಡನ್ನು ತಟ್ಟೆಯಲ್ಲೇ ಬಿಟ್ಟು ಬಲೆ ಇಡುವ ಕೊಟ್ಟಿಗೆಗೆ ಹೋದ.

ಹಾಗಾಗಿ ಆ ಭಾನುವಾರ ಅವಳು ಒಬ್ಬಳೇ ಓಣಿ ದಾಟಿ ಮೇವಿಸ್ ಬಿಬ್ಬಿಯ ಮನೆಗೆ ಹೋದಳು. ಮಗ ಭಾನುವಾರ ಊಟಕ್ಕೆ ಬರುತ್ತಾನೆಂದು ಮೇವಿಸ್ ಇಡೀ ಓಣಿಗೆ ಸಾರಿದ್ದಳು. ಬಾಗಿಲು ತೆಗೆದವಳು ಹಿಗ್ಗಿನಿಂದ ಒಳಕ್ಕೆಳೆದುಕೊಂಡಳು. "ಬಾರೇ ಬಾರೇ. ಗೋಡೆ ಮೇಲೆ ನೋಡು, ಚೌಕಟ್ಟು ಹಾಕಿಸಿದ ರೆಕಾರ್ಡು. ನೀಲ್, ಯಾರು ಬಂದಿದಾರೆ ನೋಡೋ. ನಿನ್ನ ಹಾಡಿನ ಆ ಕೂಗು ಮೆಷಿನ್ನಲ್ಲಿ ಹೆಂಗೆ ಮಾಡಿದ್ದು ಅಂತ ಹೇಳೋ ಥೆಲ್ಮಾ ಆಂಟಿಗೆ."

ಊಟದ ಮೇಜಿನಲ್ಲಿ ಕೂತಿದ್ದ ನೀಲ್ ಎದ್ದು ನಿಂತ. ಪತ್ರಿಕೆಗಳಲ್ಲಿ ಬಣ್ಣ ಬಳಿದುಕೊಂಡು ಮೆರೆಯುತ್ತಿದ್ದ ಮುಖ ಈಗ ಬೆಂದ ಆಲೂಗಡ್ಡೆಯ ಹಾಗೆ ಬಿಳಿಚಿತ್ತು.

"ಹೇಳು," ಅಂದಳು ಥೆಲ್ಮಾ.

"ಅಮ್ಮ, ಸ್ವಲ್ಪ ಹೊರಗೆ ಹೋಗ್ತೀಯಾ," ಅಂದ ನೀಲ್.

"ನನ್ನ ಮನೇಲಿ ನಾನ್ಯಾಕೆ ಹೊರಗೆ ಹೋಗ್ಲಿ? ಪುಡಿಂಗ್ ಒಲೆ ಮೇಲಿದೆ." ಆದರೆ ಮೇವಿಸ್ ಇಬ್ಬರ ಮುಖವನ್ನೂ ನೋಡಿದಳು, ಮಾತು ನಿಲ್ಲಿಸಿ ಅಡುಗೆಮನೆಗೆ ಹೋದಳು.

ನೀಲ್ ಮತ್ತೆ ಕೂತ. ಫೋರ್ಕನ್ನು ಎತ್ತಿ ಇಟ್ಟ. "ನಾನು ಹೀಶಮ್ ಕಹಳೆ ರೆಕಾರ್ಡ್ ಮಾಡ್ತಿದ್ದೆ ಆಂಟಿ ಅವತ್ತು. ಮಂಜಿದ್ದಾಗ ಚೆನ್ನಾಗಿ ಬರುತ್ತೆ ಅಂತ ಇಳಿಜಾರಿನ ಮೇಲಕ್ಕೇ ಇರೋ ನಮ್ಮ ಅಟ್ಟದ ಕಿಟಕಿಯಿಂದ ಮೈಕ್ ಹೊರಗೆ ಇಳಿಬಿಟ್ಟಿದ್ದೆ. ಏನಾಗ್ತಿದೆ ಅಂತ ನಂಗೊತ್ತಿರಲಿಲ್ಲ. ಯಾರೋ ಕೂಗ್ತಿದಾರೆ, ತಗಡು ಬಡೀತಿದಾರೆ, ನನ್ನ ಟೇಪ್ ಹಾಳಾಯ್ತು ಅಂತ ಬೈಕೊಂಡೆ."

"ಆಮೇಲೆ?"

"ಆಮೇಲೆ ಗೊತ್ತಾಯ್ತಲ್ಲ. ಟೇಪ್ ಎಸೆಯೋಕೂ ಆಗ್ಲಿಲ್ಲ, ಕೇಳೋಕೂ ಆಗ್ಲಿಲ್ಲ. ಚೀಲದ ತಳದಲ್ಲಿಟ್ಕೊಂಡು ಊರೂರು ಹೊತ್ತೆ. ಹೋದ ಚಳಿಗಾಲ ಲಂಡನ್‌ನಲ್ಲಿ ಹಾಡು ಮಾಡ್ತಾ ಇದ್ವಿ. ಶುರು ಸರಿಯಾಗ್ತಿರಲಿಲ್ಲ. ಸ್ಟುಡಿಯೋದವನು ನನ್ನ ಚೀಲದಿಂದ ಯಾವುದೋ ಖಾಲಿ ಟೇಪ್ ಅಂತ ತೆಗೆದು ಹಾಕ್ಬಿಟ್ಟ. ನೀವು ಕೂಗಿದ್ರಿ. ಕೋಣೇಲಿದ್ದೋರೆಲ್ಲ ಹಾಗೇ ಕೂತ್ಬಿಟ್ರು. ಇದೇ ಬೇಕು ಅಂದ್ರು. ನಾನು ಬೇಡ ಅನ್ಬೇಕಿತ್ತು."

"ಅನ್ಲಿಲ್ಲ."

"ಇಲ್ಲ."

ಅಡುಗೆಮನೆಯಲ್ಲಿ ಮೇವಿಸ್ ಪಾತ್ರೆಯ ಮುಚ್ಚಳ ತೆಗೆದು ಹಾಕಿದ ಸದ್ದು ಕೇಳಿಸಿತು. ನೀಲ್ ದನಿ ತಗ್ಗಿಸಿದ. "ಇನ್ನೂ ಒಂದಿದೆ ಆಂಟಿ. ಆ ತಗಡಿನ ಸದ್ದು, ಕಹಳೆ ಸದ್ದು ಎಲ್ಲ ಆ ಸ್ಟುಡಿಯೋದವನು ಮೆಷಿನ್ನಲ್ಲಿ ಕಡಿಮೆ ಮಾಡಿದ. ನಿಮ್ಮ ಕೂಗು ಆದ್ಮೇಲೆ ಇನ್ನೊಂದು ದನಿ ಇದೆ. ಹಾಡಲ್ಲಿ ಆ ಖಾಲಿ ಜಾಗ ಇದೆಯಲ್ಲ, ಅದು ಅಲ್ಲಿತ್ತು. ಹಾಡಿಂದ ಅದನ್ನ ನಾನೇ ಕತ್ತರಿಸಿದೆ, ಟೇಪಲ್ಲಿ ಹಾಗೇ ಇದೆ. ಅದನ್ನೂ ಮಾರೋಕೆ ನನ್ ಕೈಲಿ ಆಗ್ಲಿಲ್ಲ."

ಗೋಡೆಯ ಮೇಲಿನ ರೆಕಾರ್ಡಿನ ಗಾಜಿನಲ್ಲಿ ಕಿಟಕಿಯ ಬೆಳಕು ಬಿದ್ದಿತ್ತು. ಥೆಲ್ಮಾ ಅದನ್ನೇ ನೋಡುತ್ತ, "ವಾಲ್ಟರ್ ಕೂಡ ಕೇಳ್ಬೇಕು," ಅಂದಳು.

ಮರುದಿನ ಮಧ್ಯಾಹ್ನ ನೀಲ್ ದೊಡ್ಡ ಟೇಪ್ ರೆಕಾರ್ಡರನ್ನು ಅಪ್ಪಿಕೊಂಡು ಗೋರ್ನಲರ ಮನೆಗೆ ಬಂದ. ವಾಲ್ಟರ್ ಮುಂದಿನ ಕೋಣೆಯಲ್ಲಿ ಟೋಪಿ ತೆಗೆಯದೆ ಕೂತಿದ್ದ, ಬಸ್ಸಿಗೆ ಕಾಯುವವನ ಹಾಗೆ ಕುರ್ಚಿಯ ತುದಿಯಲ್ಲಿ. "ಕಹಳೆ ಕೇಳೋಕೆ ಟೇಪ್ ಬೇಕೇನೋ ನಂಗೆ," ಎಂದು ಗೊಣಗಿದ. ನೀಲ್ ಗುಂಡಿ ಒತ್ತಿದ.

ಮೊದಲು ಬರೀ ಸುಯ್ಗುಡುವಿಕೆ. ಆಮೇಲೆ ಕಹಳೆ, ಕೆಳಗೆಲ್ಲೋ ಅದುಮಿಟ್ಟ ಹಾಗೆ. ತಗಡಿನ ಸದ್ದು ದೂರದ ಯಾರದೋ ಹೆಜ್ಜೆಯಷ್ಟಾಗಿತ್ತು. ಥೆಲ್ಮಾಳ ದನಿ ಕೂಗಿತು, ಈ ಸಲ ಪೂರ್ತಿ ಹೆಸರು. ಮೊದಲ ಅಕ್ಷರವನ್ನು ತಿಂದದ್ದು ಮಂಜಲ್ಲ, ಹಾಡು ಮಾಡಿದವರ ಕತ್ತರಿ. ಮುಂದಿನ ಕೋಣೆಯ ಪಿಂಗಾಣಿ ನಾಯಿಗಳ ನಡುವೆ ಆ ಹೆಸರು ನಾಲ್ಕು ವರ್ಷದ ಮೇಲೆ ಕೇಳಿಸಿತು. ವಾಲ್ಟರನ ಕೈ ಮೊಣಕಾಲನ್ನು ಹಿಡಿದುಕೊಂಡಿತು. ಸ್ವಲ್ಪ ಬಿಟ್ಟು, ಆ ಸುಯ್ಗುಡುವಿಕೆಯೊಳಗಿಂದ, ಬಾವಿಯ ತಳದಿಂದ ಬಂದಷ್ಟು ಸಣ್ಣಗೆ, ಒಂದು ಹುಡುಗಿ ದನಿ.

"ನೀ ಒಳಗೆ ಹೋಗಮ್ಮಾ. ಚಳಿ."

ಅಷ್ಟೇ. ಮತ್ತೆ ಕಹಳೆ. ಆಮೇಲೆ ಥೆಲ್ಮಾಳ ದನಿ, ಹತ್ತಿರದವರಿಗೆ ಹೇಳುವಂತೆ, "ಕೇಳಿಸ್ತಾ? ಬಂದೆ ಅಂದ್ಲು." ವಾಲ್ಟರನ ದನಿ, "ಏನೂ ಇಲ್ವಲ್ಲೇ." ನೀಲ್ ಟೇಪ್ ನಿಲ್ಲಿಸಿದ.

ವಾಲ್ಟರ್ ಟೋಪಿ ತೆಗೆದ. "ಇನ್ನೊಂದ್ಸಲ ಹಾಕು," ಅಂದ. ನೀಲ್ ಹಾಕಿದ. "ಇನ್ನೊಂದ್ಸಲ." ಹಾಕಿದ. ಆಮೇಲೆ ಅವನು ಹೆಂಡತಿಯ ಕಡೆ ತಿರುಗಿದ.

"ಅವಳೇ," ಅಂದ. "ಅವಳೇ ಥೆಲ್ಮಾ. ನಿನ್ನ ಪಕ್ಕದಲ್ಲೇ ನಿಂತು ತಗಡು ಬಡೀತಿದ್ದೆ. ನನ್ನ ಸದ್ದಲ್ಲಿ ನಂಗೆ ಕೇಳಿಸ್ಲಿಲ್ಲ."

ಥೆಲ್ಮಾ ತಲೆಯಾಡಿಸಿದಳು. ಇಷ್ಟು ವರ್ಷ ಯಾರೂ ನಂಬದ ಮಾತು ನಿಜವಾಗಿತ್ತು. ಆದರೆ ಅವಳು ಕಾಪಾಡಿಕೊಂಡು ಬಂದ ಆ ಒಂದು ಶಬ್ದ, ಬಂದೆ ಎನ್ನುವುದು, ಟೇಪಿನಲ್ಲಿ ಇರಲೇ ಇಲ್ಲ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗಾಯಿತು ಅವಳಿಗೆ.

"ನಾನು ನಿಮ್ಮ ದನಿ ಹಾಡಿಂದ ತೆಗೆಸ್ತೀನಿ ಆಂಟಿ," ಅಂದ ನೀಲ್. "ರೆಕಾರ್ಡ್ ಕಂಪನಿಯವರಿಗೆ ಹೊಸದಾಗಿ ಅಚ್ಚು ಹಾಕ್ಸೋಕೆ ಹೇಳ್ತೀನಿ. ಒಪ್ಪದಿದ್ರೆ ಜಗಳ ಆಡ್ತೀನಿ."

"ತೆಗೆದ್ರೆ ಆಗ್ಲೇ ಮನೆಮನೆಗೆ ಹೋಗಿರೋದು ವಾಪಸ್ ಬರುತ್ತೇನೋ?" ಅಂದಳು ಥೆಲ್ಮಾ. ಸಿಟ್ಟಿನ ಮಾತಾಗಿರಲಿಲ್ಲ, ನಿಜವಾಗಿಯೇ ಕೇಳಿದಳು. "ಬಿಡು. ನಂದು ಹೋಗ್ಲಿ ಎಲ್ಲಿ ಬೇಕಾದ್ರೂ. ಅವಳ ಮಾತು ಮಾತ್ರ ಈ ಮನೆ ಬಿಟ್ಟು ಹೋಗ್ಕೂಡದು."

ನೀಲ್ ಟೇಪನ್ನೂ ಯಂತ್ರವನ್ನೂ ಅಲ್ಲೇ ಬಿಟ್ಟುಹೋದ.

ಆ ಬೇಸಿಗೆಯ ಉಳಿದ ದಿನಗಳಲ್ಲಿ ಗೋರ್ನಲರ ಮನೆಯಲ್ಲಿ ಮೂವರು ವಾಸವಿದ್ದಂತಿತ್ತು. ಥೆಲ್ಮಾ ಟೇಪನ್ನು ಮತ್ತೆ ಕೇಳಲಿಲ್ಲ. ವಾಲ್ಟರ್ ಯಂತ್ರವನ್ನು ಕೊಟ್ಟಿಗೆಗೆ ಒಯ್ದು, ಬಲೆ ಹೊಲಿಯುತ್ತ ಹಾಕುತ್ತಿದ್ದ. ಅವಳು ಅಂಗಳದಲ್ಲಿ ಬಟ್ಟೆ ಒಣಹಾಕುವಾಗ ಹಲಗೆಯ ಸಂದಿನಿಂದ ತನ್ನ ಕೂಗು, ಅದರ ಹಿಂದೆ ಆ ಸಣ್ಣ ದನಿ ಕೇಳಿಬರುತ್ತಿತ್ತು. ಒಳಗೆ ಬಂದರೆ ಕಿಟಕಿಯಾಚೆ ಯಾರದೋ ರೇಡಿಯೋದಲ್ಲಿ ಮತ್ತೆ ಅದೇ ಕೂಗು, ಅದರ ಹಿಂದೆ ಆ ಮೌನ. ಈಗ ಅದು ಅವಳಿಗೆ ಖಾಲಿಯಾಗಿ ಉಳಿದಿರಲಿಲ್ಲ. ಪ್ರತಿ ಸಲವೂ, ಅಂಗಡಿಯಲ್ಲಿ, ಬಸ್ಸಿನಲ್ಲಿ, ಹಲ್ಲಿನ ಡಾಕ್ಟರ ಕೋಣೆಯಲ್ಲಿ, ಆ ಜಾಗ ಬಂದಾಗ ಮಗಳು ಅವಳನ್ನು ಒಳಗೆ ಹೋಗು ಅನ್ನುತ್ತಿದ್ದಳು. ಸುತ್ತಲಿನವರು ಡ್ರಮ್ಮಿಗಾಗಿ ಕಾಯುತ್ತಿದ್ದರು.

ಊಟದ ಮೇಜಿನಲ್ಲಿ ಗಂಡಹೆಂಡಿರು ಅದನ್ನೇ ಮಾತಾಡುತ್ತಿದ್ದರು. ವರ್ಷಗಳಿಂದ ಮಾತಿಲ್ಲದ ಮನೆ ಅದು.

"ಹೆದರಿದ ದನಿ ಅಲ್ವೇ ಅದು," ಅನ್ನುತ್ತಿದ್ದ ವಾಲ್ಟರ್. "ಅವಳ ಹತ್ರ ನೀರಿನ್ನೂ ಬಂದಿರಲಿಲ್ಲ. ದಾರಿ ಗೊತ್ತು, ನೀನ್ಯಾಕೆ ನಡುಗ್ತಾ ನಿಂತಿದೀಯ ಅಂತ. ನಿನ್ನ ಕೆಮ್ಮು ಗೊತ್ತಿತ್ತಲ್ಲ ಅವಳಿಗೆ."

"ಬರೋಳಾಗಿದ್ರೆ ಬಂದೆ ಅನ್ನೋಳು."

"ಯಾವತ್ತು ಅಂದಿದ್ಲು? ಯಾವಾಗ್ಲೂ ನಿನ್ನ ಗದರಿಸೋಳೇ ತಾನೇ."

"ಇನ್ನು ಬರೋಕಾಗಲ್ಲ ಅಂತ ಅವಳಿಗೆ ಗೊತ್ತಾಗಿತ್ತು ವಾಲ್ಟರ್. ನಾನು ಅಲ್ಲಿ ನಿಂತು ಕೇಳಬಾರದು ಅಂತ ಕಳಿಸಿದ್ಲು."

ಒಂದೊಂದು ದಿನ ಥೆಲ್ಮಾಳಿಗೇ ಅವನ ಮಾತು ಸರಿಯೆನಿಸುತ್ತಿತ್ತು. ಆ ದಿನ ಅವನು ಅವಳ ಮಾತು ನಂಬಿ ಕೂತಿರುತ್ತಿದ್ದ.

ಸೆಪ್ಟೆಂಬರಿನಲ್ಲಿ ಟಿನ್ ಹಾರ್ಬರ್ ತವರೂರಿನಲ್ಲಿ ಹಾಡುತ್ತದೆ ಎಂದು ಗೋಡೆಗೋಡೆಗೂ ಚೀಟಿ ಅಂಟಿತು. ಶನಿವಾರ ಮಧ್ಯಾಹ್ನ, ಕಡಲ ಬದಿಯ ಬಯಲಿನಲ್ಲಿ, ಎಲ್ಲರಿಗೂ ಪುಕ್ಕಟೆ. ಹೋಗುವುದು ಬೇಡ ಎಂದು ಥೆಲ್ಮಾ ನಿರ್ಧರಿಸಿದ್ದಳು. ಆದರೆ ಆ ಮಧ್ಯಾಹ್ನ ವಾಲ್ಟರ್ ಭಾನುವಾರದ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತ. "ನಾನು ಹೋಗ್ತೀನಿ. ನೀ ಬರೋದಾದ್ರೆ ಬಾ," ಅಂದ. ಅವಳು ಅಡುಗೆಯ ಏಪ್ರನ್ ಬಿಚ್ಚಿ ಕೋಟು ಹಾಕಿಕೊಂಡಳು.

ವೇದಿಕೆಯನ್ನು ಕಡಲಿಗೆ ಬೆನ್ನು ಮಾಡಿ ಕಟ್ಟಿದ್ದರು. ಬ್ಲ್ಯಾಕ್‌ಪೂಲಿನಿಂದ, ಪ್ರೆಸ್ಟನ್ನಿನಿಂದ ಬಸ್ಸು ತುಂಬಿ ಜನ ಬಂದಿದ್ದರು. ಕಣ್ಣಿಗೆ ಹೊಳೆಯುವ ಪುಡಿ ಬಳಿದುಕೊಂಡ ಹುಡುಗಿಯರು, ಹೆಗಲ ಮೇಲೆ ಮಕ್ಕಳನ್ನು ಹೊತ್ತ ಅಪ್ಪಂದಿರು, ವಿನೆಗರ್ ವಾಸನೆಯ ಚಿಪ್ಸ್ ಪೊಟ್ಟಣಗಳು. ವೇದಿಕೆಯ ಆಚೆ ಕೊಲ್ಲಿ ಬೂದಾಗಿ ಬಿದ್ದಿತ್ತು. ದೂರದಲ್ಲಿ ನೀರು ತಿರುಗಿತ್ತು. ಮರಳಿನ ಮೇಲೆ ಬೆಳ್ಳಗಿನ ಒಂದು ಗೆರೆ ಹತ್ತಿರ ಬರುತ್ತಿರುವುದು ಮೀನುಗಾರರ ಕಣ್ಣಿಗೆ ಮಾತ್ರ ಕಾಣುವಂತಿತ್ತು.

ನೀಲ್ ಬೇರೆ ಹಾಡುಗಳನ್ನೆಲ್ಲ ಹಾಡಿ ಮುಗಿಸಿದ. ಜನ ತಾಳ ತಟ್ಟತೊಡಗಿದರು. ಕಹಳೆಯ ಸದ್ದು ಬಂತು. ಥೆಲ್ಮಾಳ ದನಿ ಬರಲಿಲ್ಲ. ಅದನ್ನು ನೀಲ್ ಅಂದು ಹಾಕಿಸಿರಲಿಲ್ಲ. ಆದರೆ ಅದರ ಅಗತ್ಯವೂ ಇರಲಿಲ್ಲ. ಸಾವಿರಾರು ಜನ ಬಾಯಿಗೆ ಕೈ ಹಿಡಿದು ಕಡಲ ಕಡೆಗೆ ಮುಖ ಮಾಡಿ ಒಟ್ಟಿಗೆ ಕೂಗಿದರು. "ಓ...ರ್ನಾ." ಎತ್ತರದಲ್ಲಿ ಹಿಡಿದು ಕೊನೆಗೆ ಇಳಿಸಿ, ತುದಿಯ ಆ ಬಿರುಕನ್ನೂ ಬಿಡದೆ. ಥೆಲ್ಮಾಳ ಎದೆಯೊಳಗೆ ಅದು ಗಾಡಿಯಂತೆ ಹಾದುಹೋಯಿತು. ಅಂದು ತಾನೊಬ್ಬಳೇ ಕೂಗಿದ್ದಕ್ಕೆ ಈ ಊರು, ಪಕ್ಕದ ಊರು, ಯಾವುದೋ ಊರಿನವರೆಲ್ಲ ಈಗ ಬಂದು ದನಿ ಸೇರಿಸಿದಂತೆ ಅನ್ನಿಸಿತು. ನಾಲ್ಕು ವರ್ಷ ತಡವಾಗಿ.

ಆಮೇಲೆ ಮೌನ. ಒಬ್ಬರೂ ಅಲ್ಲಾಡಲಿಲ್ಲ. ಅಷ್ಟು ಜನರ ನಡುವೆ ಗಾಳಿ ವೇದಿಕೆಯ ಬಟ್ಟೆಯನ್ನು ಬಡಿಯುವುದು ಕೇಳಿಸಿತು. ಥೆಲ್ಮಾ ಕಣ್ಣು ಮುಚ್ಚಿದಳು.

"ಲೋರ್ನಾ!"

ಅವಳ ಪಕ್ಕದಲ್ಲಿ ವಾಲ್ಟರ್ ಕೂಗಿದ್ದ. ಅಂದು ಮಗಳ ಹೆಸರು ಕೂಗದೆ ತಗಡನ್ನಷ್ಟೇ ಬಡಿದಿದ್ದ ವಾಲ್ಟರ್, ಒರಟಾಗಿ, ಸ್ವರವಿಲ್ಲದೆ, ಮೊದಲ ಅಕ್ಷರವನ್ನೂ ಬಿಡದೆ ಕೂಗಿದ. ಸುತ್ತಲಿನವರು ತಿರುಗಿ ನೋಡಿ ನಕ್ಕರು. ಅಲ್ಲೇ ಡ್ರಮ್ಮು ಬಿತ್ತು, ಬಯಲೆಲ್ಲ ಕುಣಿಯಿತು.

ಮುಂದೆ ಕುಣಿಯುತ್ತಿದ್ದ ಹುಡುಗಿಯೊಬ್ಬಳು ಹಿಂದಕ್ಕೆ ಬಾಗಿ ಅವನ ತೋಳು ತಟ್ಟಿದಳು. "ತಾತಾ, ತಡವಾಗಿ ಕೂಗ್ಬಿಟ್ರಿ. ಆ ಜಾಗದಲ್ಲಿ ಸುಮ್ನಿರ್ಬೇಕು. ಆದ್ರೂ ಗಂಟ್ಲು ಚೆನ್ನಾಗಿದೆ ಬಿಡಿ."

"ಹೌದೇನಮ್ಮಾ," ಅಂದ ವಾಲ್ಟರ್. ಅವನ ಕೆನ್ನೆ ಒದ್ದೆಯಾಗಿತ್ತು. ಹುಡುಗಿ ಅದನ್ನು ಗಾಳಿಯ ಕೆಲಸ ಎಂದುಕೊಂಡಳೋ ಏನೋ, ತಿರುಗಿ ಕುಣಿಯತೊಡಗಿದಳು.

ವೇದಿಕೆಯ ಮೇಲೆ ನೀಲ್ ಹಾಡುವುದನ್ನು ನಿಲ್ಲಿಸಿದ್ದ. ಅಷ್ಟು ಜನರ ನಡುವೆ ಅವನಿಗೆ ಇವರು ಕಂಡರೋ ಇಲ್ಲವೋ, ಮೈಕು ಹಿಡಿದು ಹಾಗೇ ನಿಂತಿದ್ದ. ಅವನ ಸಾಲುಗಳನ್ನು ಜನವೇ ಹಾಡಿ ಮುಗಿಸಿದರು. ಮುಗಿಯುತ್ತಿದ್ದಂತೆ, ಇನ್ನೊಂದು ಸಲ, ಇನ್ನೊಂದು ಸಲ ಎಂದು ಕಾಲು ಬಡಿದರು.

"ಹೋಗೋಣ್ವಾ?" ಎಂದು ಕೇಳಿದ ವಾಲ್ಟರ್.

"ಇರು," ಅಂದಳು ಥೆಲ್ಮಾ.

ನೀರು ಈಗ ಎಲ್ಲರಿಗೂ ಕಾಣುವಷ್ಟು ಹತ್ತಿರ ಬಂದಿತ್ತು. ಹಾಡಿನ ಕಹಳೆ ಮತ್ತೆ ಊದಿತು. ಥೆಲ್ಮಾ ಎರಡೂ ಕೈಯನ್ನು ಬಾಯಿಗೆ ಹಿಡಿದಳು, ವಾಲ್ಟರ್ ಟೋಪಿ ತೆಗೆದ. ಜನರೆಲ್ಲ ಕೂಗಿ ಸುಮ್ಮನಾದ ಮೇಲೆ, ಆ ಖಾಲಿ ಜಾಗದಲ್ಲಿ, ಗಂಡ ಹೆಂಡತಿ ಇಬ್ಬರೂ ಮಗಳ ಹೆಸರನ್ನು ಪೂರ್ತಿಯಾಗಿ ಕೂಗಿದರು.